ಬರುವ ಭಾನುವಾರದ ಹಲಗೆ

ನಮ್ಮ ಮನೆಯ ಕಪಾಟಿಗೆ ಬೆನ್ನಿರಲಿಲ್ಲ. ಮುಂದೆ ಎರಡು ಬಾಗಿಲು, ಒಳಗೆ ಖಾನೆಗಳು, ಎರಡೂ ಪಕ್ಕಕ್ಕೆ ಗಟ್ಟಿಮುಟ್ಟಾದ ಮರ, ಎಲ್ಲವೂ ಇತ್ತು. ಹಿಂದೆ ಮಾತ್ರ ಬರೀ ಗೋಡೆ. ಹಲಗೆ ಇರಬೇಕಾದ ಕಡೆ, ಮೇಲಿನ ಒಂದು ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಓರೆಯಾಗಿ ಬಡಿದ ತೆಳುವಾದ ಮರದ ಪಟ್ಟಿ. ಅದಕ್ಕೆ ರೀಪು ಎನ್ನುತ್ತಾರೆ. ಕಪಾಟು ಕೊಳ್ಳಲು ಗತಿಯಿಲ್ಲದವರ ಮನೆ ಎಂದುಕೊಳ್ಳಬೇಡಿ. ಕಪಾಟುಗಳಿಗೆ ಹಿಂಬದಿ ಹಲಗೆ ಕೂರಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯನ ಮನೆ ಅದು. ಆ ಮನುಷ್ಯ ನಮ್ಮಪ್ಪ.

ಅಪ್ಪ ದುಡಿಯುತ್ತಿದ್ದ ಮರಗೆಲಸದ ಶೆಡ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿತ್ತು. ಒಬ್ಬ ಚೌಕಟ್ಟು ಜೋಡಿಸುತ್ತಿದ್ದ, ಒಬ್ಬ ಬಾಗಿಲು ಮಾಡುತ್ತಿದ್ದ, ಇನ್ನೊಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪಾಲಿಶ್ ಹಚ್ಚುತ್ತಿದ್ದ. ಗಿರಾಕಿ ಬಂದರೆ ಬಾಗಿಲನ್ನು ಸವರಿ ನೋಡುತ್ತಾನೆ, ಪಾಲಿಶ್‌ನಲ್ಲಿ ತನ್ನ ಮುಖ ಕಾಣುತ್ತದಾ ಎಂದು ಬಗ್ಗಿ ನೋಡುತ್ತಾನೆ. ಕಪಾಟಿನ ಹಿಂದಕ್ಕೆ ಹೋಗಿ ನೋಡಿದ ಗಿರಾಕಿಯನ್ನು ಅಪ್ಪ ತನ್ನ ಆಯುಸ್ಸಿನಲ್ಲೇ ಕಂಡಿಲ್ಲವಂತೆ. ಆ ಹಿಂದಿನ ಭಾಗ ಅಪ್ಪನದು. ಬೆಂಚಿನ ಒರಗು ಹಲಗೆ, ಫೋಟೊ ಚೌಕಟ್ಟಿನ ಹಿಂದೆ ಒತ್ತುವ ತೆಳು ಹಲಗೆ, ಸಾಮಾನು ಸಾಗಿಸುವ ಗಾಡಿಯ ಹಿಂದೆ ಎತ್ತಿ ಕಟ್ಟುವ ಹಲಗೆ, ಏನೇ ಆಗಲಿ, ಹಿಂದೆ ಬರುವಂಥದ್ದಾದರೆ ಅದು ಅಪ್ಪನ ಹತ್ತಿರವೇ ಬರುತ್ತಿತ್ತು. ಶೆಡ್ಡಿನವರ ಬಾಯಲ್ಲಿ ಆ ಹಲಗೆಗಳಿಗೆಲ್ಲ ಒಂದೇ ಹೆಸರು, ಬೆನ್ನು. ಅಪ್ಪನಿಗೂ ಅದೇ ಅಂಟಿಕೊಂಡಿತು. ಸಾಹುಕಾರರಿಂದ ಹಿಡಿದು ಟೀ ತರುವವನವರೆಗೆ ಎಲ್ಲರಿಗೂ ಅವನು ಬೆನ್ನು ಮೇಸ್ತ್ರಿ.

ಬೆನ್ನು ಹಾಕುವುದು ಎಂದರೆ ನಾಲ್ಕು ಮೊಳೆ ಬಡಿಯುವುದು ಎಂದು ತಿಳಿದವರೇ ಹೆಚ್ಚು. ನಾನೂ ಹಾಗೇ ತಿಳಿದಿದ್ದೆ. ಆದರೆ ಹಿಂದೆ ಹಲಗೆ ಇಲ್ಲದ ಕಪಾಟು ನೆಟ್ಟಗೆ ನಿಲ್ಲುವುದೇ ಇಲ್ಲ. ಒಂದು ಕೈಯಿಂದ ನೂಕಿದರೆ ಸಾಕು, ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತದೆ. ಹಲಗೆ ಕೂತ ಮೇಲೆಯೇ ಅದಕ್ಕೆ ಮೈ ಹಿಡಿತಕ್ಕೆ ಬರುವುದು. ಹೀಗಾಗಿ ಚೌಕಟ್ಟಿನವನು ಗಿಡ್ಡ ಕೊಯ್ದರೂ, ಬಾಗಿಲಿನವನು ಅಳತೆ ತಪ್ಪಿದರೂ ಆ ತಪ್ಪುಗಳೆಲ್ಲ ಸಾಲಾಗಿ ಬಂದು ಕೊನೆಗೆ ಅಪ್ಪನ ಮುಂದೆ ನಿಲ್ಲುತ್ತಿದ್ದವು. ಅಪ್ಪ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿಯುತ್ತಿದ್ದ, ಆಮೇಲೆ ಉಳಿದೆರಡು ಮೂಲೆಗೆ ಅದೇ ದಾರ. ಎರಡೂ ಸಮ ಬಂದರೆ ಸರಿ. ಬರದಿದ್ದರೆ ಉದ್ದ ಬಂದ ಮೂಲೆಗಳಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ, ತಿರುಚಿ ತಿರುಚಿ ಎಳೆದು ಸಮಕ್ಕೆ ತರಬೇಕು. ಬೇರೆಯವರ ಸೊಟ್ಟ ತಿದ್ದುವುದರಲ್ಲೇ ಅಪ್ಪನ ದಿನ ಕಳೆಯುತ್ತಿತ್ತು. ಹಾಗೆ ತಿರುಚಿ ತಿರುಚಿ ಅವನ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು.

ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮನಿಗೆಂದು ಒಂದು ಕಪಾಟು ಮಾಡಿದ. ಸಂಜೆ ಎಲ್ಲರೂ ಹೊರಟ ಮೇಲೆ ಶೆಡ್ಡಿನಲ್ಲಿ ಉಳಿದು, ಚೌಕಟ್ಟಿನಿಂದ ಪಾಲಿಶ್‌ವರೆಗೆ ಎಲ್ಲ ತಾನೇ ಮಾಡಿದ. ಬಾಗಿಲಿನ ಅಂಚಿಗೆ ಸುತ್ತಲೂ ಒಂದು ಸಣ್ಣ ಗೆರೆ ಕೆತ್ತಿದ. ಜೀವಮಾನದಲ್ಲಿ ಅಪ್ಪ ಮುಂಭಾಗ ಮಾಡಿದ ಕಪಾಟು ಅದೊಂದೇ. ಬೆನ್ನೊಂದನ್ನು ಕೊನೆಗಿಟ್ಟ. ಅದು ತನ್ನದೇ ಕೆಲಸ, ಕಣ್ಣು ಮುಚ್ಚಿಕೊಂಡು ಹಾಕಿಬಿಡಬಹುದು ಎಂಬ ಧೈರ್ಯ. ಅಷ್ಟರಲ್ಲಿ ಯಾವುದೋ ಶಾಲೆಯ ಬೆಂಚುಗಳ ಆರ್ಡರ್ ಬಂದು ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಸಾಹುಕಾರರು, “ಮೊದಲು ನಿನ್ನ ಕಪಾಟು ಎತ್ತಯ್ಯಾ ಇಲ್ಲಿಂದ,” ಎಂದರು. ದಾರಿಯಲ್ಲಿ ವಾಲದಿರಲಿ ಎಂದು ಅಪ್ಪ ಹಿಂದೆ ಒಂದು ರೀಪು ಬಡಿದು, ಕಪಾಟನ್ನು ಮನೆಗೆ ತಂದು, ಕೋಣೆಯ ಗೋಡೆಗೆ ಆನಿಸಿ ನಿಲ್ಲಿಸಿದ.

“ಹಿಂದಿನ ಹಲಗೆ ಎಲ್ಲಿ?” ಎಂದು ಅಮ್ಮ ಕೇಳಿದಳಂತೆ.

“ಬರೋ ಭಾನುವಾರ ಹಾಕ್ತೀನಿ,” ಎಂದನಂತೆ ಅಪ್ಪ.

ಆ ಭಾನುವಾರ ಬರುವುದರೊಳಗೆ ನಾನು ಹುಟ್ಟಿ, ಬೆಳೆದು, ಓದಿ, ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿ, ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದ್ದೆ.

ಕಪಾಟಿನ ಹಿಂದಿನ ಗೋಡೆಯ ಆಚೆ ಪಕ್ಕದ ಮನೆಯವರ ಬಚ್ಚಲು. ಅವರು ಸ್ನಾನ ಮಾಡಿದರೆ ನಮ್ಮ ಬಟ್ಟೆ ನೆನೆಯುತ್ತಿತ್ತು. ಮಡಿಸಿಟ್ಟ ಬಟ್ಟೆಗಳ ಹಿಂಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಅಮ್ಮ ಹಳೆ ಪೇಪರ್ ಅಂಟಿಸಿದಳು, ಕ್ಯಾಲೆಂಡರ್ ತೂಗಿದಳು, ಪ್ಲಾಸ್ಟಿಕ್ ಹಾಳೆ ಕಟ್ಟಿದಳು. ಒಮ್ಮೆ ಬೀದಿಯ ಬೆಕ್ಕು, ಮುಂದಿನ ಬಾಗಿಲಿಗೆ ಬೀಗ ಹಾಕಿದ್ದರೂ, ಹಿಂದೆ ಗೋಡೆಯ ಸಂದಿನಿಂದ ನುಗ್ಗಿ ಅಪ್ಪನ ಒಳ್ಳೆಯ ಅಂಗಿಗಳ ಮೇಲೆ ಮರಿ ಹಾಕಿತು. “ಬೆಕ್ಕಿಗೂ ಗೊತ್ತಾಯ್ತು ಇದು ಬೆನ್ನು ಮೇಸ್ತ್ರಿ ಮನೆ ಅಂತ,” ಎಂದಳು ಅಮ್ಮ. ಅಪ್ಪ ಅಂಗಿಗಳನ್ನು ಮರಿಗಳಿಗೇ ಬಿಟ್ಟ. ಮರಿಗಳು ಕಣ್ಣು ಬಿಡುವವರೆಗೂ ಇದ್ದ ಒಂದೇ ಅಂಗಿಯಲ್ಲಿ ಕೆಲಸಕ್ಕೆ ಹೋದ.

ಅಪ್ಪ ಹಲಗೆಯನ್ನೇ ತರಲಿಲ್ಲ ಎಂದರೆ ನಾಲಿಗೆ ಸೀದು ಹೋದೀತು. ತಂದ. ತಂದದ್ದು ಕಪಾಟಿಗೆ ಹೋಗಲಿಲ್ಲ, ಅಷ್ಟೇ.

ಮೊದಲನೆಯದನ್ನು ಕಿತ್ತುಕೊಂಡವಳು ನಾನು. ನಾನು ಓದುತ್ತಿದ್ದ ಶಾಲೆಯ ಮೈದಾನದಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬದ ಹಲಗೆ ಗೆದ್ದಲು ಹಿಡಿದು ಉದುರಿತ್ತು. ಬರೀ ಕಂಬ, ಅದಕ್ಕೊಂದು ಬಳೆ. ಚೆಂಡು ಎಸೆದರೆ ಆ ಕಡೆ ಚರಂಡಿಗೆ. ನಾನು ಮನೆಗೆ ಬಂದು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತೆ. ಕಪಾಟಿಗೆಂದು ಅಂದೇ ತಂದಿದ್ದ ಹೊಸ ಪ್ಲೈ ಹಲಗೆ ಗೋಡೆಗೆ ಒರಗಿ ನಿಂತಿತ್ತು.

“ಬುಟ್ಟಿ ಇದೆಯಲ್ಲ. ಹಿಂದೆ ಹಲಗೆ ಯಾತಕ್ಕೆ?” ಎಂದು ಅಪ್ಪ ಕೇಳಿದ.

“ಗುರಿ ತಪ್ಪಿದ ಚೆಂಡು ಅದಕ್ಕೆ ಬಡಿದು ವಾಪಸ್ ಬರುತ್ತಪ್ಪಾ. ಕೆಲವು ಸಲ ಬುಟ್ಟಿಗೇ ಬೀಳುತ್ತೆ.”

ಅಪ್ಪ ಎದ್ದು ಹಲಗೆಯ ಅಂಚನ್ನು ಸವರಿದ. “ಬೇರೆಯವರ ತಪ್ಪು ತಿದ್ದೋದು ಅನ್ನು. ಹಾಗಾದ್ರೆ ಅದೂ ನಮ್ಮ ಕೆಲಸವೇ.”

ಹಲಗೆ ಮೈದಾನಕ್ಕೆ ಹೋಯಿತು. ಅಪ್ಪನೇ ಬಿಳಿ ಬಣ್ಣ ಬಳಿದು, ನಡುವೆ ಕಪ್ಪು ಚೌಕ ಎಳೆದು, ಏಣಿ ಹತ್ತಿ ಕೂರಿಸಿದ. ಅಮ್ಮ ನನ್ನ ಜೊತೆಯೂ ಅಪ್ಪನ ಜೊತೆಯೂ ವಾರಗಟ್ಟಲೆ ಮಾತು ಬಿಟ್ಟಳು. ನನಗೇನೂ ಬೇಜಾರಾಗಲಿಲ್ಲ. ಇವತ್ತಿಗೂ ಇಲ್ಲ. ಆ ಹಲಗೆಯಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ.

ಎರಡನೆಯದು ಅಜ್ಜಿಯ ಪಾಲಾಯಿತು. ಅಪ್ಪನ ತಾಯಿ. ಬಾಯಿ ಜೋರು, ಕಾಲು ನಿಧಾನ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ನಮ್ಮದು ಮಹಡಿ ಮನೆ, ಮೆಟ್ಟಿಲು ಒಬ್ಬರು ಇಳಿಯುವಷ್ಟು ಅಗಲ, ನಡುವೆ ಒಂದು ತಿರುವು. ಆಸ್ಪತ್ರೆಯವರ ಸ್ಟ್ರೆಚರ್ ತಿರುವಿನಲ್ಲೇ ಸಿಕ್ಕಿಕೊಂಡಿತು. ಅಪ್ಪ ಒಳಗೆ ಹೋಗಿ ಕಪಾಟಿಗೆಂದು ತಂದಿಟ್ಟಿದ್ದ ಹಲಗೆ ತಂದು, ಅಜ್ಜಿಯ ಮೈ ಅಲುಗದ ಹಾಗೆ ಅಡಿಗೆ ತೂರಿಸಿ, ಹೊದಿಕೆಗಳಿಂದ ಬಿಗಿದು ಕಟ್ಟಿದ. ನಾಲ್ಕು ಜನ ಹಿಡಿದು, ತಿರುವಿನಲ್ಲಿ ಹಲಗೆಯನ್ನು ಹೆಚ್ಚುಕಮ್ಮಿ ನಿಲ್ಲಿಸಿಕೊಂಡೇ ಇಳಿಸಿದರು. “ಅಯ್ಯೋ, ನನ್ನನ್ನೇನು ಕಪಾಟು ಅಂದುಕೊಂಡ್ರೇನ್ರೋ!” ಎಂದು ಅಜ್ಜಿ ಬೀದಿಯುದ್ದಕ್ಕೂ ಕೂಗಿಕೊಂಡಳು. ಅಜ್ಜಿ ವಾಪಸ್ ಬಂದಳು. ಹಲಗೆ ಬರಲಿಲ್ಲ. ಅಪ್ಪ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ ಅಲ್ಲಿನ ಆಯಾ, “ಅದರ ಮೇಲೆ ಈಗ ಬೇರೆಯವರು ಮಲಗಿದ್ದಾರೆ, ಎಬ್ಬಿಸಲಾ?” ಎಂದಳಂತೆ. ಅಪ್ಪ ಬರಿಗೈಲಿ ಬಂದ.

ಇಷ್ಟಾದ ಮೇಲೆ ಅಪ್ಪ ಮತ್ತೆ ಹಲಗೆ ತರಲು ವರ್ಷಗಳೇ ಹಿಡಿದವು. ಸುಸ್ತು ಎಂಬುದು ಅವನ ಮೈಯಲ್ಲಿ ಮನೆ ಮಾಡಿಕೊಂಡಿತ್ತು. ಸಂಜೆ ಬಂದು ಮೆಟ್ಟಿಲ ಮೇಲೆ ಕೂತು ಒಂದು ಚಪ್ಪಲಿ ಬಿಚ್ಚುವನು. ಇನ್ನೊಂದನ್ನು ಬಿಚ್ಚುವುದಕ್ಕೆ ಅವನಿಗೆ ಪುರುಸೊತ್ತು ಬೇಕಿತ್ತೋ ಮನಸ್ಸು ಬೇಕಿತ್ತೋ, ಹಾಗೇ ಕೂತಿರುವನು. ಕೂದಲಲ್ಲಿ, ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಮರದ ಹೊಟ್ಟು. ತಟ್ಟೆಯ ಮುಂದೆ ಕೂತು ತುತ್ತು ಕಲೆಸಿ, ಬಾಯಿಗೆ ಹಾಕುವ ಮೊದಲೇ ತೂಕಡಿಸುವನು. ಭಾನುವಾರ ಬಂದರೆ ಮಧ್ಯಾಹ್ನದವರೆಗೆ ಮಲಗುವನು, ಮಧ್ಯಾಹ್ನದ ಮೇಲೆ ಮಲಗಿದ್ದಕ್ಕೆ ಸುಸ್ತಾಗಿ ಕೂರುವನು. ಅಮ್ಮ ಕಪಾಟಿನ ಬಾಗಿಲು ಹಿಡಿದುಕೊಂಡಿದೆ ಎಂದರೆ ಮಾತ್ರ ಎದ್ದು ಉಜ್ಜುಗೊರಡು ತಂದು ಅಂಚನ್ನು ನಾಲ್ಕು ಸಲ ಕೆರೆದು ಮತ್ತೆ ಒರಗುವನು. ರೀಪಿನ ಮೊಳೆ ಸಡಿಲವಾಗಿ ಕಪಾಟು ವರ್ಷವರ್ಷವೂ ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ವಾಲುತ್ತಿತ್ತು. ಬಾಗಿಲು ಹಿಡಿದುಕೊಳ್ಳುತ್ತಿತ್ತು. ಅಪ್ಪ ಕೆರೆಯುತ್ತಿದ್ದ. ಅಮ್ಮನಿಗೂ ಅಭ್ಯಾಸವಾಗಿಹೋಗಿತ್ತು. ಕಾಲಿನ ಹೆಬ್ಬೆರಳಿಂದ ಬಾಗಿಲನ್ನು ತುಸು ಮೇಲಕ್ಕೆತ್ತಿ, ಸೊಂಟದಿಂದ ಒಂದು ಗುದ್ದು ಕೊಟ್ಟರೆ ಟಕ್ಕೆಂದು ಮುಚ್ಚಿಕೊಳ್ಳುತ್ತಿತ್ತು. ಕೈಯಲ್ಲಿ ಬಟ್ಟೆಯ ಗಂಟು ಇದ್ದರೂ, ಒಲೆಯ ಮೇಲೆ ಹಾಲಿದ್ದರೂ, ಈ ಕಾಲು ಸೊಂಟದ ಕೆಲಸ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಸಾಕು, ಬಿಟ್ಟುಬಿಡುತ್ತೇನೆ ಎಂದು ಅಪ್ಪ ಸಾಹುಕಾರರ ಮುಂದೆ ಹೇಳದೆ ಇದ್ದದ್ದಿಲ್ಲ. “ಇದೊಂದು ಆರ್ಡರ್ ಮುಗೀಲಿ ಮೇಸ್ತ್ರೀ,” ಎನ್ನುತ್ತಿದ್ದರು ಅವರು. ಆರ್ಡರ್ ಮುಗಿದರೆ ಇನ್ನೊಂದು ಬರುತ್ತಿತ್ತು. ಶೆಡ್ಡಿಗೆ ಗಾಳಿಯಿಂದ ಮೊಳೆ ಹೊಡೆಯುವ ಯಂತ್ರ ಬಂದಾಗ, ಇನ್ನು ತನ್ನನ್ನು ಮನೆಗೆ ಕಳಿಸುತ್ತಾರೆ ಎಂದು ಅಪ್ಪ ಒಳಗೊಳಗೇ ಹಿಗ್ಗಿದ್ದ. ಯಂತ್ರ ಮೊಳೆ ಹೊಡೆಯಿತು, ಸೊಟ್ಟ ತಿದ್ದಲಿಲ್ಲ. ಅದು ಮತ್ತೆ ಅಪ್ಪನ ಹೆಗಲಿಗೇ ಬಂತು.

ಮೂರನೆಯ ಹಲಗೆ ತಂದದ್ದು ಹೋದ ವರ್ಷ. ಶೆಡ್ಡಿನ ಪದ್ಧತಿಯಂತೆ ಸುತ್ತಲೂ ಒಂದೆರಡು ಬೆರಳು ಹೆಚ್ಚಿಗೆ ಬಿಟ್ಟು ಕೊಯ್ದು ತಂದಿದ್ದ. ಬೆನ್ನನ್ನು ಯಾವಾಗಲೂ ದೊಡ್ಡದಾಗಿ ತಂದು, ಜಾಗದಲ್ಲಿ ಹಿಡಿದು ನೋಡಿ, ಆಮೇಲೆ ಹೆಚ್ಚಿದ್ದನ್ನು ಕತ್ತರಿಸಬೇಕಂತೆ. ಅದನ್ನು ಮಹಡಿಗೆ ಹೊತ್ತು ತಂದು ಇಳಿಸುವಾಗಲೇ ಅಪ್ಪನ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಏಳಲಾರದೆ ಹಾಗೇ ನಿಂತ. ಡಾಕ್ಟರು ನೋಡಿ, ಸೊಂಟಕ್ಕೆ ಗಟ್ಟಿ ಹಾಸಿಗೆ ಬೇಕು, ಹಾಸಿಗೆ ಅಡಿಗೆ ಹಲಗೆ ಹಾಕಿ ಮಲಗಬೇಕು, ಬಲಭುಜವಂತೂ ಇನ್ನು ಮೇಲೆತ್ತುವ ಹಾಗಿಲ್ಲ ಎಂದರು. ಅಮ್ಮ ಮನೆಗೆ ಬಂದು ಕಪಾಟಿನ ಹಲಗೆಯನ್ನು ತಾನೇ ಎಳೆದು ಮಂಚದ ಮೇಲೆ ಹಾಕಿ, ಅದರ ಮೇಲೆ ಹಾಸಿಗೆ ಹಾಸಿದಳು.

ಅವತ್ತಿನಿಂದ ಅಮ್ಮ ಕೇಳುವುದನ್ನು ನಿಲ್ಲಿಸಿದಳು.

ನನಗೆ ಗೊತ್ತಾಗಲಿಲ್ಲ. ಅಪ್ಪನಿಗೂ ಬೇಗ ಗೊತ್ತಾಗಲಿಲ್ಲ. ಸೊಂಟ ಸ್ವಲ್ಪ ಸುಧಾರಿಸಿ ಅಪ್ಪ ಮತ್ತೆ ಕೆಲಸಕ್ಕೆ ಹೊರಟ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದು, ಚಹಾ ಕುಡಿದು, ಲೋಟ ಕೆಳಗಿಡದೆ ಕೂತ.

“ನಿಮ್ಮಮ್ಮ ನಿನ್ನ ಹತ್ರ ಕಪಾಟಿನ ವಿಷಯ ಏನಾದ್ರೂ ಎತ್ತಿದ್ಳಾ?”

“ಇಲ್ಲವಲ್ಲ.”

“ನನ್ನ ಹತ್ರಾನೂ ಎತ್ತಿಲ್ಲ. ಬಟ್ಟೆ ಒದ್ದೆ ಆದ್ರೆ ಸುಮ್ಮನೆ ಹೊರಗೆ ಒಣಗಿಸಿ ಮಡಿಸಿ ಇಡ್ತಾಳೆ. ಬಯ್ಯೋದೂ ಇಲ್ಲ.”

“ಒಳ್ಳೇದಾಯ್ತಲ್ಲಪ್ಪಾ. ನೆಮ್ಮದಿ.”

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. “ಕೇಳ್ತಾ ಇದ್ದಾಗ, ನಾನು ಹಾಕ್ತೀನಿ ಅಂತ ಅವಳಿಗೆ ನಂಬಿಕೆ ಇತ್ತು ಕಣೇ,” ಎಂದ. ಹೆದರಿದ್ದ. ಸಾಹುಕಾರರಿಗೂ ಡಾಕ್ಟರಿಗೂ ಹೆದರದ ಮನುಷ್ಯ, ಹೆಂಡತಿ ಜಗಳ ಬಿಟ್ಟದ್ದಕ್ಕೆ ಹೆದರಿ ಕೂತಿದ್ದ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಆ ವಾರವೇ ನಾನು ಅಮ್ಮನಿಗೆ, ನಾನೊಂದು ಕಬ್ಬಿಣದ ಬೀರು ಕೊಡಿಸುತ್ತೇನೆ, ಈ ಸೊಟ್ಟ ಕಪಾಟನ್ನು ಗುಜರಿಗೆ ಕೊಟ್ಟುಬಿಡು ಎಂದಿದ್ದೆ. ಇಂಥ ಮಾತಿಗೆ ಅಮ್ಮ ಹಿಂದೆಲ್ಲ ಮೂಗು ಮುರಿಯುತ್ತಿದ್ದಳು. ಈ ಸಲ, “ಹೂಂ, ಕೊಡಿಸು,” ಎಂದಿದ್ದಳು. ಬೀರು ಸೋಮವಾರ ಬರುವುದೆಂದು ಅಂಗಡಿಯವರ ಜೊತೆ ಮಾತಾಗಿತ್ತು. ಅಪ್ಪನಿಗೆ ಹೇಳುವ ಕೆಲಸವನ್ನು ಅಮ್ಮ ನನಗೆ ಬಿಟ್ಟಿದ್ದಳು. ನಾನು ಹೇಳಿದೆ.

ಅಪ್ಪ ಲೋಟ ಕೆಳಗಿಟ್ಟ. “ಸೋಮವಾರಾನಾ?” ಎಂದ. ಆಮೇಲೆ, “ಹಾಗಾದ್ರೆ ಭಾನುವಾರ ಒಂದಿದೆ,” ಎಂದ.

ಆ ಭಾನುವಾರ ನಾನು ಹೋದಾಗ ಅಪ್ಪ ಎದ್ದು, ಮುಖ ತೊಳೆದು, ಮಂಚದ ಹಾಸಿಗೆಯನ್ನು ಸುತ್ತಿ ಮೂಲೆಗಿಟ್ಟು, ಅಡಿಯ ಹಲಗೆಯನ್ನು ಎಳೆಯುತ್ತಿದ್ದ. ಅಮ್ಮ ಇನ್ನೊಂದು ತುದಿಯನ್ನು ಹಿಡಿದು ಮಂಚದ ಕಡೆಗೇ ಎಳೆಯುತ್ತಿದ್ದಳು.

“ಮಲಗೋದು ಎಲ್ಲಿ ನೀವು? ಡಾಕ್ಟ್ರು ಹೇಳಿದ್ದು ಮರೆತುಹೋಯ್ತಾ?”

“ಬಿಡೇ. ಇದು ನಿನ್ನ ಹಲಗೆ. ನಿನ್ನ ಕಪಾಟಿಗೆ ಅಂತಲೇ ತಂದಿದ್ದು.”

“ನನಗೆ ಬೇಡ. ನಾಳೆ ಬೀರು ಬರುತ್ತೆ.”

“ಬರಲಿ. ಇವತ್ತು ಇದನ್ನ ಹಾಕ್ತೀನಿ. ನಾಳೆ ಗುಜರಿಗೇ ಹೋಗೋದಾದ್ರೂ ಬೆನ್ನು ಇಟ್ಕೊಂಡು ಹೋಗ್ಲಿ.”

ಅಮ್ಮ ಕೈಬಿಟ್ಟಳು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದಳು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಪಾತ್ರೆಗಳಿಗೆ ಬೈಗುಳದ ದನಿ ಬಂದಿತ್ತು.

ನಾನೂ ಅಪ್ಪನೂ ಕಪಾಟು ಖಾಲಿ ಮಾಡಿ, ಗೋಡೆಯಿಂದ ಎಳೆದೆವು. ಹಿಂದೆ ಅಮ್ಮ ಅಂಟಿಸಿದ ಪೇಪರ್, ಕ್ಯಾಲೆಂಡರ್, ಪ್ಲಾಸ್ಟಿಕ್, ಒಂದರ ಮೇಲೊಂದು ಗಟ್ಟಿಯಾಗಿ ಕೂತಿದ್ದವು. ಅಪ್ಪ ಅದನ್ನೆಲ್ಲ ಸುಲಿದು ಹಾಕಿದ. ಅವನು ಇಷ್ಟು ವರ್ಷ ಹಾಕದೆ ಬಿಟ್ಟ ಹಲಗೆಯನ್ನು ಅಮ್ಮ ಕಾಗದದಲ್ಲೇ ಮಾಡಿಕೊಂಡಿದ್ದಳು. ಅಪ್ಪನಿಗೆ ಏನನ್ನಿಸಿತೋ, ಅವನು ಮೂಲೆಯಿಂದ ಮೂಲೆಗೆ ದಾರ ಹಿಡಿಯುತ್ತಿದ್ದ. ಒಂದು ಕಡೆಯ ದಾರ ಇನ್ನೊಂದು ಕಡೆಗಿಂತ ಮೂರು ಬೆರಳು ಉದ್ದವಾಯಿತು.

“ಹಗ್ಗ ತಾ,” ಎಂದ.

ಹಗ್ಗ ಸುತ್ತಿ ಕೋಲು ತೂರಿಸಿದೆವು. ಅವನ ಭುಜ ಏಳುತ್ತಿರಲಿಲ್ಲ. ತಿರುಚುವ ಕೆಲಸ ನನ್ನದಾಯಿತು. ಕಪಾಟು ನರಳಿತು, ಎಲ್ಲೋ ಒಂದು ಮೊಳೆ ಕಿರುಗುಟ್ಟಿತು, ಹಳೇ ರೀಪು ತಾನಾಗಿ ಕಳಚಿ ಬಿತ್ತು. “ಇನ್ನೊಂದು ಸುತ್ತು. ಇನ್ನರ್ಧ. ಸಾಕು.” ಮತ್ತೆ ದಾರ ಹಿಡಿದ. ಎರಡೂ ಕಡೆ ಸಮ. ಅಪ್ಪನ ಮುಖದಲ್ಲಿ ಬೆಳಕು ಬಂತು ಎಂದು ಸುಳ್ಳು ಹೇಳುವುದಿಲ್ಲ. ಬೆವರಿತ್ತು, ಅಷ್ಟೇ. ಆದರೆ ಅವನು ಕಪಾಟಿನ ಪಕ್ಕವನ್ನು ಒಮ್ಮೆ ತಟ್ಟಿದ.

ಆಮೇಲೆ ಮುಂದಕ್ಕೆ ಬಂದು ಬಾಗಿಲು ಮುಚ್ಚಲು ಹೋದ. ಮುಚ್ಚಲಿಲ್ಲ.

ವರ್ಷಾನುಗಟ್ಟಲೆ ವಾಲಿದ ಕಪಾಟಿಗೆ ಸರಿಯಾಗಿ ಕೆರೆದು ಕೆರೆದು ಕೂರಿಸಿದ ಬಾಗಿಲುಗಳವು. ಈಗ ಕಪಾಟು ನೆಟ್ಟಗಾಗಿತ್ತು, ಬಾಗಿಲು ಸೊಟ್ಟವಾಗಿತ್ತು. ಮೇಲೆ ಒಂದರ ಮೇಲೊಂದು ಹತ್ತುತ್ತಿತ್ತು, ಕೆಳಗೆ ಕೈ ತೂರುವಷ್ಟು ಸಂದು. ಈ ಮನುಷ್ಯನಿಗೆ ಇದು ಮೊದಲೇ ಹೊಳೆಯಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಆದರೆ ಅವನು ಜೀವಮಾನವೆಲ್ಲ ಕಪಾಟಿನ ಹಿಂದೆ ನಿಂತವನು. ಹಿಂದೆ ನೆಟ್ಟಗಾದರೆ ಮುಂದೆ ತಾನಾಗಿ ಸರಿಹೋಗುತ್ತದೆ ಎಂದೇ ನಂಬಿದ್ದವನು. ಹೊಸ ಕಪಾಟುಗಳಲ್ಲಿ ಅದು ನಿಜವೂ ಹೌದು.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಬಂದವಳು ಏನನ್ನೂ ನೋಡದೆ, ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಬಾಗಿಲೆತ್ತಿ ಸೊಂಟದಿಂದ ಗುದ್ದಿದಳು. ಬಾಗಿಲು ಬಡಿದು ವಾಪಸ್ ಬಂದು ಅವಳ ಮೊಣಕೈಗೆ ತಾಗಿತು. ಅಮ್ಮ ಮೊಣಕೈ ಹಿಡಿದುಕೊಂಡು ಕಪಾಟನ್ನು ಮೇಲಿಂದ ಕೆಳಗೆ ನೋಡಿದಳು.

“ಇದು ಯಾರ ಮನೆ ಕಪಾಟು?” ಎಂದಳು.

“ಈಗ ನೆಟ್ಟಗಿದೆ,” ಎಂದ ಅಪ್ಪ, ಅಪರಾಧಿಯ ಹಾಗೆ. “ಬಾಗಿಲು ಎರಡನ್ನೂ ಹೊಸದಾಗಿ ಮಾಡಬೇಕು. ಮಾಡ್ತೀನಿ. ಬರೋ…” ಎಂದವನು ಅಲ್ಲಿಗೇ ನಿಲ್ಲಿಸಿದ.

“ನಾನು ಕೇಳಿದ್ದು ಹಿಂದಕ್ಕೊಂದು ಹಲಗೆ,” ಎಂದಳು ಅಮ್ಮ. “ಇದನ್ನ ನೆಟ್ಟಗೆ ಮಾಡಿ ಅಂತ ನಾನು ಯಾವತ್ತು ಕೇಳಿದ್ದೆ?” ಅವಳ ದನಿಯಲ್ಲಿ ಜಗಳವಿರಲಿಲ್ಲ. ಬಳಲಿಕೆ ಇತ್ತು. ಅಪ್ಪನ ಬಳಲಿಕೆಯನ್ನೇ ನೋಡುತ್ತಾ ಬೆಳೆದ ನನಗೆ, ಅಮ್ಮನೂ ಅಷ್ಟೇ ಬಳಲಿದ್ದಾಳೆ ಎಂದು ಆ ಕ್ಷಣದಲ್ಲಿ ತಿಳಿಯಿತು.

ಅಪ್ಪ ನೆಲದ ಮೇಲೆ ಕೂತುಬಿಟ್ಟ. ಕಪಾಟಿನ ಪಕ್ಕಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ. ನಿದ್ದೆಯೇ ಹೋದನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ, ಕಣ್ಣು ತೆರೆಯದೆಯೇ, “ಕೋಲು ಬಿಚ್ಚು,” ಎಂದ.

“ಬಿಚ್ಚಿದ್ರೆ ಮತ್ತೆ ವಾಲುತ್ತಪ್ಪಾ.”

“ವಾಲಲಿ.”

ಬಿಚ್ಚಿದೆ. ಹಗ್ಗ ಸಡಿಲವಾಗುತ್ತಿದ್ದಂತೆ ಕಪಾಟು ಮೆಲ್ಲಗೆ, ಕೂತು ಕಾಲು ಚಾಚಿಕೊಳ್ಳುವವರ ಹಾಗೆ, ತನ್ನ ಹಳೆಯ ಓರೆಗೆ ಮರಳಿತು. ಅಪ್ಪ ಎದ್ದು, ಮುಂದೆ ಬಂದು ಬಾಗಿಲನ್ನು ಮುಚ್ಚಿ ನೋಡಿ, ಮತ್ತೆ ಹಿಂದಕ್ಕೆ ಹೋದ. ಹಲಗೆಯನ್ನು ಹಿಂಭಾಗಕ್ಕೆ ಹಿಡಿಯಲು ನನಗೂ ಅಮ್ಮನಿಗೂ ಹೇಳಿ, ಕಪಾಟು ಹೇಗೆ ನಿಂತಿತ್ತೋ ಹಾಗೇ ಅದರ ಅಂಚಿನ ಗುಂಟ ಪೆನ್ಸಿಲ್ ಎಳೆದ. ಹಲಗೆಯನ್ನು ಕೆಳಗಿಳಿಸಿದಾಗ ನೋಡಿದರೆ, ಗೆರೆಯ ಯಾವ ಮೂಲೆಯೂ ಮೂಲೆಯಾಗಿರಲಿಲ್ಲ. ಸುತ್ತಲೂ ಬಿಟ್ಟು ತಂದಿದ್ದ ಹೆಚ್ಚಿನ ಬೆರಳುಗಳು ಈಗ ಕೆಲಸಕ್ಕೆ ಬಂದವು. ಅಪ್ಪ ಗರಗಸ ಕೈಗೆತ್ತಿಕೊಂಡು, ಗೆರೆಯ ಮೇಲಿಟ್ಟು, ಹಾಗೇ ನಿಂತ.

ಅವನು ನಿಂತದ್ದು ಭುಜದ ನೋವಿಗಲ್ಲ. ಎಷ್ಟು ಸಾವಿರ ಕಪಾಟುಗಳನ್ನು ಎಳೆದು, ತಿರುಚಿ ನೆಟ್ಟಗೆ ಮಾಡಿದ್ದನೋ ಆ ಮನುಷ್ಯ, ಗೊತ್ತಿದ್ದೂ ಗೊತ್ತಿದ್ದೂ ಸೊಟ್ಟ ಬೆನ್ನು ಕೊಯ್ಯುತ್ತಿದ್ದದ್ದು ಅದೇ ಮೊದಲು. ಶೆಡ್ಡಿನಲ್ಲಿ ಯಾರಾದರೂ ನೋಡಿದ್ದರೆ ಬೆನ್ನು ಮೇಸ್ತ್ರಿಗೆ ಅರಳುಮರಳು ಎನ್ನುತ್ತಿದ್ದರು.

“ನೀವು ಹಿಡಿದುಕೊಳ್ಳಿ, ನಾನು ಕೊಯ್ತೀನಿ,” ಎಂದಳು ಅಮ್ಮ.

“ನಿನಗೆ ಬರಲ್ಲ.”

“ಸೊಟ್ಟ ಕೊಯ್ಯೋಕೆ ಮೇಸ್ತ್ರಿ ಯಾಕೆ ಬೇಕು?”

ಅಪ್ಪ ನಕ್ಕ. ನಕ್ಕು ಕೊಯ್ದ. ಅರ್ಧಕ್ಕೆ ಕೈ ಸೋತಾಗ ಗರಗಸ ನನಗೆ ಬಂತು, ನನ್ನಿಂದ ಅಮ್ಮನಿಗೆ ಹೋಯಿತು. ಮೂವರೂ ಕೊಯ್ದ ಗೆರೆ ಹಾವು ಹರಿದ ಹಾಗೆ ಬಂದಿತ್ತು. ಅಪ್ಪ ಮೊಳೆ ಹಿಡಿದ, ನಾನು ಸುತ್ತಿಗೆ ಹೊಡೆದೆ. ಒಂದು ಸಲ ಅವನ ಹೆಬ್ಬೆರಳಿಗೂ ಬಿತ್ತು. “ಬುಟ್ಟಿಗೆ ಗುರಿ ಇಡೋದು ಕಲಿಸ್ತಾಳಂತೆ,” ಎಂದು ಬೆರಳು ಬಾಯಿಗಿಟ್ಟುಕೊಂಡ.

ಕೊನೆಯ ಮೊಳೆಯಾದ ಮೇಲೆ ಕಪಾಟನ್ನು ಅದರ ಜಾಗಕ್ಕೆ ನೂಕಿದೆವು. ಅಮ್ಮ ಬಾಗಿಲು ತೆರೆದು, ಖಾಲಿ ಖಾನೆಯೊಳಗೆ ಕೈ ಚಾಚಿ, ಹಿಂದಿನ ಹಲಗೆಯನ್ನು ಅಂಗೈಯಿಂದ ಒತ್ತಿದಳು. ಒಣಗಿತ್ತು, ಗಟ್ಟಿಯಾಗಿತ್ತು. ಕೈಯನ್ನು ಅಲ್ಲೇ ಬಹಳ ಹೊತ್ತು ಇಟ್ಟುಕೊಂಡಿದ್ದಳು. ನಾನು ಅವಳ ಮುಖ ನೋಡಲಿಲ್ಲ, ನೋಡಬಾರದು ಅನ್ನಿಸಿತು. ಆಮೇಲೆ ಬಟ್ಟೆಗಳನ್ನೆಲ್ಲ ಒಳಗಿಟ್ಟು, ಹೆಬ್ಬೆರಳಲ್ಲಿ ಬಾಗಿಲೆತ್ತಿ, ಸೊಂಟದಿಂದ ಗುದ್ದಿದಳು. ಟಕ್ಕೆಂದು ಮುಚ್ಚಿಕೊಂಡಿತು.

“ಬೀರು ಬೇಡ ಅಂತ ಆ ಅಂಗಡಿಯವನಿಗೆ ಹೇಳಿಬಿಡು,” ಎಂದಳು ನನಗೆ. ಅವನ ಹತ್ತಿರ ಬೈಸಿಕೊಳ್ಳುವ ಪಾಡು ನನ್ನದು ಎಂದು ಗೊಣಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್ಪ ಅಷ್ಟರಲ್ಲಿ ಮಂಚದ ಕಡೆ ನೋಡಿ, ಹಲಗೆ ಇಲ್ಲದ್ದು ನೆನಪಾಗಿ, ಅಲ್ಲೇ ಕಪಾಟಿನ ಮುಂದೆ ಬರೀ ನೆಲದ ಮೇಲೆ ಮಲಗಿದ್ದ. ಮೈಯೆಲ್ಲ ಮರದ ಹೊಟ್ಟು. ಬಲಗೈ ಎದೆಯ ಮೇಲೆ, ಹೆಬ್ಬೆರಳು ಊದಿಕೊಂಡಿತ್ತು. ಅಮ್ಮ ತಲೆದಿಂಬು ತಂದು ಅವನ ತಲೆ ಎತ್ತಿ ಅಡಿಗಿಟ್ಟಳು. ಒಂದು ಹೊದಿಕೆ ಹೊದಿಸಿದಳು. ಎದ್ದು ಹೋಗುವವಳು ಬಾಗಿಲಲ್ಲಿ ನಿಂತು, ಎಷ್ಟೋ ಕಾಲದಿಂದ ಮನೆಯಲ್ಲಿ ಕೇಳದೇ ಹೋಗಿದ್ದ ಆ ಜೋರು ದನಿಯಲ್ಲಿ ಕೇಳಿದಳು.

“ರೀ, ಮಂಚಕ್ಕೆ ಹಲಗೆ ಯಾವಾಗ ತರ್ತೀರಿ?”

ಅಪ್ಪ ಕಣ್ಣು ತೆರೆಯಲಿಲ್ಲ.

“ಬರೋ ಭಾನುವಾರ,” ಎಂದ.